ಹೆಡ್‌ಫೋನ್ ಜಾಕ್ ಇಲ್ಲದ ಡಿಜೆ ಕಂಟ್ರೋಲರ್ ಕೊಂಡು ಕೈಸುಟ್ಟುಕೊಳ್ಳಬೇಡಿ

ಮನೆಯಲ್ಲೇ ಡಿಜೆ ಕಲಿಯೋಣ ಅಂತ ಮೊದಲ ಕಂಟ್ರೋಲರ್ (ಲ್ಯಾಪ್‌ಟಾಪಿನ ಡಿಜೆ ಸಾಫ್ಟ್‌ವೇರನ್ನು ಕೈಯಿಂದ ನಡೆಸುವ ಯಂತ್ರ) ತರಿಸಿಕೊಂಡವರು ಒಂದೇ ಗುಂಡಿಗೆ ಮತ್ತೆ ಮತ್ತೆ ಬೀಳುತ್ತಿದ್ದಾರೆ. ನಡೆಯುವುದು ಹೀಗೆ. ಬಾಕ್ಸ್ ಬಿಚ್ಚಿ ಲ್ಯಾಪ್‌ಟಾಪಿಗೆ ಸಿಕ್ಕಿಸಿದ ತಕ್ಷಣ ದೀಪಗಳೆಲ್ಲ ಹೊತ್ತಿಕೊಳ್ಳುತ್ತವೆ. ಜಾಗ್ ವೀಲ್ ಎಂಬ ದುಂಡನೆಯ ಚಕ್ರ ತಿರುಗಿಸಿದರೆ ಸ್ಕ್ರೀನ್ ಮೇಲೆ ಹಾಡು ಹಿಂದೆ ಮುಂದೆ ಸರಿಯುತ್ತದೆ, ಲ್ಯಾಪ್‌ಟಾಪ್ ಸ್ಪೀಕರಿನಲ್ಲಿ ಸದ್ದೂ ಬರುತ್ತದೆ. ಎರಡನೇ ಹಾಡನ್ನು ಮೊದಲು ಕಿವಿಯಲ್ಲಿ ಕೇಳಿ ಅದರ ಬೀಟ್ (ತಾಳದ ಪೆಟ್ಟು) ಮೊದಲ ಹಾಡಿನದಕ್ಕೆ ಹೊಂದಿಸಬೇಕು ಅಂತ ಹೆಡ್‌ಫೋನ್ ಹಿಡಿದು ನೋಡಿದರೆ, ಕಂಟ್ರೋಲರಿನಲ್ಲಿ ಅದನ್ನು ಸಿಕ್ಕಿಸುವ ಜಾಗವೇ ಇಲ್ಲ. ಲ್ಯಾಪ್‌ಟಾಪಿನ ಜಾಕಿಗೆ ಹಾಕಿದರೆ ಸ್ಪೀಕರ್ ಬಂದ್, ಕೋಣೆಗೆ ಹೋಗಬೇಕಾದ ಹಾಡೇ ಕಿವಿಗೆ ಬರುತ್ತದೆ. ಡ್ರೈವರ್ ಸರಿಯಿಲ್ಲವೇನೋ ಎಂದು ಹುಡುಕಾಡುವಷ್ಟರಲ್ಲಿ ವಾಪಸ್ ಮಾಡುವ ಗಡುವು ಮುಗಿದಿರುತ್ತದೆ. ಯಾವ ಡ್ರೈವರ್ ಹಾಕಿದರೂ ಇದು ಸರಿಹೋಗುವುದಿಲ್ಲ.

ಕಂಟ್ರೋಲರ್ ಮೂಲತಃ ಕಂಪ್ಯೂಟರ್ ಕೀಬೋರ್ಡ್ ಇದ್ದ ಹಾಗೆ. ಯಾವ ಗುಂಡಿ ಒತ್ತಿದಿರಿ, ಯಾವ ಫೇಡರ್ (ಸರಿಸುವ ಹಿಡಿ) ಎಷ್ಟು ಸರಿಸಿದಿರಿ ಎಂಬುದನ್ನು ಮಿಡಿ (ಸಂಗೀತ ಯಂತ್ರಗಳ ಸಂಕೇತ ಭಾಷೆ) ಸಂದೇಶವಾಗಿ ಕಂಪ್ಯೂಟರಿಗೆ ಕಳಿಸುತ್ತದೆ, ಅಷ್ಟೇ. ಸದ್ದು ಹುಟ್ಟುವುದು ಸಾಫ್ಟ್‌ವೇರಿನಲ್ಲಿ. ಅದು ಹೊರಗೆ ಬರಲು ಲ್ಯಾಪ್‌ಟಾಪಿನಲ್ಲಿರುವುದು ಸಾಮಾನ್ಯವಾಗಿ ಒಂದೇ ಸ್ಟೀರಿಯೊ ದಾರಿ. ಡಿಜೆಗೆ ಎರಡು ಬೇಕು: 1-2ನೇ ಚಾನೆಲ್ ಕೋಣೆಯ ಸ್ಪೀಕರಿಗೆ, 3-4ನೇ ಚಾನೆಲ್ ಹೆಡ್‌ಫೋನಿಗೆ. ಆ ಎರಡನೇ ದಾರಿ ಕೊಡುವುದೇ ಕಂಟ್ರೋಲರ್ ಒಳಗಿನ ಸೌಂಡ್ ಕಾರ್ಡ್. ಪಯೊನೀರ್ ಡಿಜೆಯ ಡಿಡಿಜೆ-200, ಹರ್ಕ್ಯುಲಿಸ್‌ನ ಡಿಜೆಕಂಟ್ರೋಲ್ ಕಾಂಪ್ಯಾಕ್ಟ್ ಇವುಗಳಲ್ಲಿ ಅದಿಲ್ಲ. ಡಿಡಿಜೆ-ಎಫ್‌ಎಲ್‌ಎಕ್ಸ್4, ಹರ್ಕ್ಯುಲಿಸ್ ಇನ್‌ಪಲ್ಸ್ 200 ಇವುಗಳಲ್ಲಿ ಇದೆ. ಸೈಜ್ ನೋಡಿ ಊಹಿಸಲು ಹೋಗಬೇಡಿ. ನ್ಯೂಮಾರ್ಕ್‌ನ ಡಿಜೆ2ಗೋ2 ಟಚ್ ಉದ್ದನೆಯ ಸ್ಕೇಲಿನಷ್ಟೇ ಇದ್ದರೂ ಅದರಲ್ಲಿ ಹೆಡ್‌ಫೋನ್ ಜಾಕ್ ಬೇರೆ, ಮೇನ್ ಔಟ್ ಬೇರೆ.

ಜಾಹೀರಾತಿನ ಫೋಟೋಗಳೆಲ್ಲ ಮೇಲಿನಿಂದ ತೆಗೆದವು. ನೀವು ಹುಡುಕಬೇಕಾದದ್ದು ಮುಂದಿನ ಅಂಚು ಮತ್ತು ಬೆನ್ನಿನ ಫೋಟೋ. ಹೆಡ್‌ಫೋನ್ ಚಿತ್ರವಿರುವ 3.5 ಅಥವಾ 6.35 ಮಿ.ಮೀ. ಜಾಕ್ ಒಂದು, ಮಾಸ್ಟರ್ ಅಥವಾ ಮೇನ್ ಎಂದು ಬರೆದ ಔಟ್‌ಪುಟ್ ಇನ್ನೊಂದು, ಎರಡೂ ಕಣ್ಣಿಗೆ ಕಾಣಬೇಕು. ಹೆಚ್ಚಿನವುಗಳಲ್ಲಿ ಮೇನ್ ಔಟ್ ಕೆಂಪು-ಬಿಳಿ ಆರ್‌ಸಿಎ ಜೋಡಿ. ಆ ಫೋಟೋಗಳನ್ನೇ ಹಾಕದ ಮಾರಾಟಗಾರನಿಂದ ಕೊಳ್ಳಬೇಡಿ.

ಈಗಾಗಲೇ ಕೊಂಡುಬಿಟ್ಟಿದ್ದರೆ ಎರಡು ದಾರಿಗಳಿವೆ. ಅಗ್ಗದ್ದು ಡಿಜೆ ಸ್ಪ್ಲಿಟರ್ ಕೇಬಲ್. ಲ್ಯಾಪ್‌ಟಾಪಿನ ಸ್ಟೀರಿಯೊದಲ್ಲಿ ಎಡಭಾಗವನ್ನು ಸ್ಪೀಕರಿಗೂ ಬಲಭಾಗವನ್ನು ಹೆಡ್‌ಫೋನಿಗೂ ಹಂಚುತ್ತದೆ. ಸಾಫ್ಟ್‌ವೇರಿನಲ್ಲೂ ಸ್ಪ್ಲಿಟ್ ಆಯ್ಕೆ ಆನ್ ಮಾಡಬೇಕು. ಎರಡೂ ಕಡೆ ಮೋನೊ ಆಗಿಬಿಡುತ್ತದೆ, ಆದರೆ ಬೀಟ್ ಹೊಂದಿಸಿ ಕಲಿಯಲು ಸಾಕು. ಇಬ್ಬರು ಒಟ್ಟಿಗೆ ಹಾಡು ಕೇಳಲು ಬಳಸುವ ಮಾಮೂಲಿ ವೈ-ಕೇಬಲ್ ಇದಲ್ಲ, ಅದು ಎರಡು ಕಡೆಗೂ ಒಂದೇ ಸದ್ದು ಕಳಿಸುತ್ತದೆ. ಇನ್ನೊಂದು ದಾರಿ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್, ಅಂದರೆ ಹೊರಗಿನಿಂದ ಸಿಕ್ಕಿಸುವ ಸೌಂಡ್ ಕಾರ್ಡ್. ಇಲ್ಲಿ ಇನ್ನೊಂದು ಬಲೆ ಇದೆ: ಹಾಡು ರೆಕಾರ್ಡ್ ಮಾಡುವವರಿಗೆಂದು ಬರುವ ಎರಡು ಔಟ್‌ಪುಟ್‌ನ ಇಂಟರ್‌ಫೇಸ್‌ಗಳಲ್ಲಿ ಹೆಡ್‌ಫೋನ್ ಜಾಕ್ ಇರುತ್ತದಾದರೂ ಅದರಲ್ಲಿ ಕೇಳಿಸುವುದು 1-2ನೇ ಚಾನೆಲ್‌ನ ನಕಲೇ. ವಿವರದಲ್ಲಿ ನಾಲ್ಕು ಔಟ್‌ಪುಟ್ ಎಂದು ಇರಬೇಕು, ಹೆಡ್‌ಫೋನಿಗೆ 3-4ನ್ನು ಕಳಿಸಲು ಬರುತ್ತದೆಯೇ ಎಂದೂ ಕೇಳಿಕೊಳ್ಳಿ.

ಸ್ಪೀಕರ್ ವಿಷಯಕ್ಕೆ ಬಂದರೆ, ಮನೆಯಲ್ಲಿರುವ ಬ್ಲೂಟೂತ್ ಸ್ಪೀಕರನ್ನೇ ನಂಬಿ ಕೂರಬೇಡಿ. 128 ಬಿಪಿಎಂ (ನಿಮಿಷಕ್ಕೆ 128 ಬೀಟ್) ಹಾಡಿನಲ್ಲಿ ಒಂದು ಬೀಟಿಗೂ ಇನ್ನೊಂದಕ್ಕೂ ನಡುವೆ ಸುಮಾರು 469 ಮಿಲಿಸೆಕೆಂಡ್. ಬ್ಲೂಟೂತ್‌ನಲ್ಲಿ ಸದ್ದು 200 ಮಿಲಿಸೆಕೆಂಡ್ ತಡವಾಗಿ ಬರುವುದು ಮಾಮೂಲು. ಅಂದರೆ ಹೆಚ್ಚುಕಡಿಮೆ ಅರ್ಧ ಬೀಟ್ ಹಿಂದೆ. ಕಿವಿಯಲ್ಲಿ ಸರಿಯಾಗಿ ಕೂತ ಹಾಡು ಕೋಣೆಯಲ್ಲಿ ಕೇಳುವ ಹಾಡಿಗೆ ಕೂಡುವುದೇ ಇಲ್ಲ. ಕಲಿಯುವವರು ತಮ್ಮ ಕಿವಿಯೇ ಸರಿಯಿಲ್ಲ ಅಂದುಕೊಂಡು ಬೇಸತ್ತು ಬಿಡುತ್ತಾರೆ, ನಿಜಕ್ಕೂ ಸಂಕಟವಾಗುವುದು ಇದಕ್ಕೇ. ಪರೀಕ್ಷೆ ಸುಲಭ. ಒಂದೇ ಹಾಡನ್ನು ಸ್ಪೀಕರಿನಲ್ಲೂ ಬಿಡಿ, ಅದನ್ನು ಹೆಡ್‌ಫೋನಿಗೆ ಕಳಿಸುವ ಕ್ಯೂ ಗುಂಡಿ ಒತ್ತಿ ಹೆಡ್‌ಫೋನಿನಲ್ಲೂ ಕೇಳಿ. ಹೆಡ್‌ಫೋನನ್ನು ಒಂದೇ ಕಿವಿಗೆ ಹಿಡಿದು ಕಿಕ್ ಡ್ರಮ್‌ನ ‘ಧಮ್’ ಏಟು ಗಮನಿಸಿ. ಒಂದೇ ಏಟು ಕೇಳಿದರೆ ಸರಿ, ಎರಡಾಗಿ ಕೇಳಿದರೆ ಸ್ಪೀಕರ್ ತಡ ಮಾಡುತ್ತಿದೆ. ವೈರ್ ಹಾಕಿ ಮತ್ತೊಮ್ಮೆ ನೋಡಿ. ಆಕ್ಸ್ ಜಾಕಿಗೆ ವೈರ್ ಹಾಕಿದ ಮೇಲೂ ತಡ ಮಾಡುವ ಸ್ಪೀಕರುಗಳಿವೆ, ಹಾಗಾಗಿ ಈ ಪರೀಕ್ಷೆಯನ್ನು ಬಿಡಬೇಡಿ. ಆರ್‌ಸಿಎ ಇನ್‌ಪುಟ್ ಇರುವ ಒಂದು ಜೊತೆ ಸಣ್ಣ ಪವರ್ಡ್ (ಒಳಗೇ ಆಂಪ್ಲಿಫೈಯರ್ ಇರುವ) ಸ್ಪೀಕರ್ ಮನೆಗೆ ಧಾರಾಳ ಸಾಕು.

ಪ್ಯಾಡ್ (ಬೆರಳಿನಿಂದ ಬಡಿಯುವ ಗುಂಡಿ) ಒತ್ತಿದ ಮೇಲೆ ಸದ್ದು ತಡವಾಗುವುದಕ್ಕೆ ಇನ್ನೊಂದು ಕಾರಣ ಬಫರ್, ಅಂದರೆ ಸದ್ದನ್ನು ಹೊರಬಿಡುವ ಮೊದಲು ಕಂಪ್ಯೂಟರ್ ಕೂಡಿಟ್ಟುಕೊಳ್ಳುವ ಸ್ಯಾಂಪಲ್ ಎಂಬ ಸದ್ದಿನ ತುಣುಕುಗಳು. 44,100 ಹರ್ಟ್ಜ್‌ನಲ್ಲಿ 512 ಸ್ಯಾಂಪಲ್ ಅಂದರೆ ಸುಮಾರು 12 ಮಿಲಿಸೆಕೆಂಡ್, 1024 ಅಂದರೆ 23. 512ರಿಂದ ಶುರುಮಾಡಿ, ಚಟಪಟ ಸದ್ದು ಬಂದರೆ ಏರಿಸಿ, ಬರದಿದ್ದರೆ 256ಕ್ಕೆ ಇಳಿಸಿ ನೋಡಿ. ವಿಂಡೋಸ್‌ನಲ್ಲಿ ಕಂಪನಿಯವರೇ ಕೊಟ್ಟ ಆಸಿಯೊ (ಸದ್ದಿನ ತಡ ಕಡಿಮೆ ಮಾಡುವ) ಡ್ರೈವರ್ ಇದ್ದರೆ ಅದನ್ನೇ ಹಾಕಿ. ಕಂಟ್ರೋಲರನ್ನು ನೇರವಾಗಿ ಲ್ಯಾಪ್‌ಟಾಪಿಗೇ ಸಿಕ್ಕಿಸಿ. ತನ್ನದೇ ಅಡಾಪ್ಟರ್ ಇಲ್ಲದ ಯುಎಸ್‌ಬಿ ಹಬ್‌ನಲ್ಲಿ ಕರೆಂಟ್ ಸಾಲದೆ ನಡುವೆ ಸಂಪರ್ಕ ತಪ್ಪಬಹುದು.

ಹಾಡುಗಳ ಬಗ್ಗೆ ಒಂದು ಮಾತು. ಬರೀ ಸ್ಟ್ರೀಮಿಂಗ್ ನೆಚ್ಚಿಕೊಂಡು ಯಂತ್ರ ಆರಿಸಬೇಡಿ. 2020ರ ಜುಲೈನಲ್ಲಿ ಸ್ಪಾಟಿಫೈ ಡಿಜೆ ಆ್ಯಪ್‌ಗಳಲ್ಲಿ ಕೆಲಸ ಮಾಡುವುದನ್ನು ನಿಲ್ಲಿಸಿದಾಗ ಅದನ್ನೇ ನೆಚ್ಚಿಕೊಂಡಿದ್ದವರ ಪ್ಲೇಲಿಸ್ಟ್‌ಗಳು ಅಲ್ಲಿ ಉಪಯೋಗಕ್ಕೆ ಬಾರದೆ ಹೋದವು. ಕೊಂಡು ಇಳಿಸಿಕೊಂಡ ಫೈಲ್‌ಗಳು ಸ್ವಲ್ಪವಾದರೂ ಇರಲಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಕಂಪನಿಯ ಸೈಟಿನಲ್ಲಿ ಆ ಮಾಡೆಲಿಗೆ ನಿಮ್ಮ ಆಪರೇಟಿಂಗ್ ಸಿಸ್ಟಂನ ಡ್ರೈವರ್ ಇದೆಯೇ ನೋಡಿ. 2019ರಲ್ಲಿ ಬಂದ ಮ್ಯಾಕ್‌ಓಎಸ್ ಕೆಟಲೀನಾ 32-ಬಿಟ್ ಸಾಫ್ಟ್‌ವೇರನ್ನು ಪೂರ್ತಿ ಕೈಬಿಟ್ಟಿತು. ಅದಕ್ಕೂ ಹಿಂದಿನ ಕೆಲವು ಕಂಟ್ರೋಲರ್‌ಗಳು ಚೆನ್ನಾಗಿದ್ದರೂ ಹೊಸ ಮ್ಯಾಕಿಗೆ ಆಗಿಬರುವುದಿಲ್ಲ. ಆಮೇಲೆ ನಿಮ್ಮದೇ ಲ್ಯಾಪ್‌ಟಾಪ್ ಒಯ್ದು ನೋಡಿ. ಯುಎಸ್‌ಬಿ ಕೇಬಲ್ಲನ್ನು ಮೆಲ್ಲಗೆ ಅಲುಗಾಡಿಸಿ, ದೀಪ ಆರಿದರೆ ಪೋರ್ಟ್ ಸಡಿಲವಾಗಿದೆ. ಒಂದೊಂದೇ ಫೇಡರನ್ನು ನಿಧಾನವಾಗಿ ತಳದಿಂದ ತುದಿವರೆಗೆ ಸರಿಸುತ್ತ ಸ್ಕ್ರೀನ್ ನೋಡಿ, ಅಲ್ಲಿನ ಗುರುತು ನಡುವೆ ಜಿಗಿಯಬಾರದು. ಪ್ರತಿ ಪ್ಯಾಡನ್ನೂ ಹತ್ತು ಸಲ ಒತ್ತಿ, ಒಂದೇ ಒತ್ತಿಗೆ ಎರಡು ಸಲ ಹೊಡೆಯುತ್ತದೆಯೇ ಗಮನಿಸಿ. ಕೊನೆಗೆ ಕ್ರಾಸ್‌ಫೇಡರನ್ನು (ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟಿಸುವ ಅಡ್ಡ ಫೇಡರ್) ಪೂರ್ತಿ ಒಂದು ಬದಿಗೆ ತಳ್ಳಿ ವಾಲ್ಯೂಮ್ ಏರಿಸಿ. ಇನ್ನೊಂದು ಬದಿಯ ಹಾಡು ಸಣ್ಣಗೆ ಕೇಳುತ್ತಿದ್ದರೆ ಫೇಡರ್ ಸವೆದಿದೆ. ಸ್ಪ್ರೇ ಹೊಡೆದರೆ ಸರಿಹೋಗುತ್ತೆ ಎನ್ನುವ ಮಾತಿಗೆ ಬಗ್ಗಬೇಡಿ. ಮಾಮೂಲಿ ಡಬ್ಲ್ಯೂಡಿ-40 ಫೇಡರಿನ ಗ್ರೀಸನ್ನೇ ತೊಳೆದುಹಾಕುತ್ತದೆ. ಆ ಮಾಡೆಲಿನ ಬಿಡಿ ಫೇಡರ್ ಸಿಗುತ್ತದೆ ಎಂದು ಖಾತ್ರಿಯಾದರೆ ಮಾತ್ರ ಅದರ ಬೆಲೆ ಕಳೆದು ವ್ಯಾಪಾರ ಮಾಡಿ, ಇಲ್ಲದಿದ್ದರೆ ಎದ್ದು ಬನ್ನಿ.