ಪೇಟೆಂಟ್ ಆಗಲ್ಲ ಅಂತ ಮುಖಕ್ಕೇ ಹೇಳಿದ್ರು, ಅದಕ್ಕೇ 4 ಸ್ಟಾರ್

ನಾಟಿ ಔಷಧಿಗೆ ಪೇಟೆಂಟ್ ಮಾಡಿಸ್ಬೇಕು ಅಂತ ಓಡಾಡ್ತಿರೋರು ಇದ್ರೆ ಮೊದ್ಲು ಮೈಸೂರು ಸರಸ್ವತಿಪುರಂನ ಈ ಪೇಟೆಂಟ್ ಏಜೆಂಟ್ ಆಫೀಸಿಗೆ ಹೋಗ್ಬನ್ನಿ, ಬೇರೆ ಕಡೆ ದುಡ್ಡು ಕಟ್ಟೋದು ಆಮೇಲೆ. ನಾವು ಹೋಗಿದ್ದು ನಮ್ಮ ಸೋದರಮಾವನ ಮಂಡಿನೋವಿನ ಎಣ್ಣೆ ವಿಷಯಕ್ಕೆ. ಮಾವಂದು ಮದ್ದೂರು ಹತ್ರ ಹಳ್ಳಿ, ಲಕ್ಕಿ ಸೊಪ್ಪು, ಎಕ್ಕದೆಲೆ, ಜೊತೆಗೆ ಏನೋ ಬೇರು ಹಾಕಿ ಎಳ್ಳೆಣ್ಣೇಲಿ ಕಾಯಿಸ್ತಾರೆ, ಸುತ್ತಮುತ್ತಲ ಊರೋರು ಬಾಟ್ಲಿ ತಂದು ತುಂಬಿಸ್ಕೊಂಡ್ ಹೋಗ್ತಾರೆ, ದುಡ್ಡು ಕೊಟ್ರೆ ಕೊಟ್ರು ಇಲ್ಲಾಂದ್ರೆ ಇಲ್ಲ. ಯಾರೋ ಅವರ ತಲೆಗೆ ತುಂಬ್ಬಿಟ್ಟಿದಾರೆ, ಕಂಪ್ನಿಯೋರು ಇದನ್ನ ಪೇಟೆಂಟ್ ಮಾಡ್ಕೊಂಡ್ರೆ ನೀನೇ ನಿನ್ನ ಎಣ್ಣೆ ಕಾಯಿಸೋ ಹಾಗಿಲ್ಲ ಅಂತ. ಅವತ್ತಿಂದ ನಿದ್ದೆ ಇಲ್ಲ ಮನುಷ್ಯಂಗೆ.

ಇದಕ್ಕೂ ಮುಂಚೆ ಫೋನಲ್ಲೇ ವ್ಯವಹಾರ ಮಾಡೋ ಒಂದು ಕಡೆ ಕೇಳಿದ್ವಿ, ಹೆಸರು ಬೇಡ. ಎಣ್ಣೇಲಿ ಏನಿದೆ ಅಂತಾನೂ ಕೇಳ್ಲಿಲ್ಲ, ಪೇಟೆಂಟ್ ಸಿಗೋದು ಗ್ಯಾರಂಟಿ ಸಾರ್, ಲಕ್ಷದ ಮೇಲಾಗುತ್ತೆ, ಅರ್ಧ ಅಡ್ವಾನ್ಸ್ ಹಾಕಿ ಅಂದ್ರು. ಪೇಟೆಂಟ್ ಕೊಡೋದು ಸರ್ಕಾರದ ಆಫೀಸು, ಇವ್ರು ಯಾರ್ರೀ ಗ್ಯಾರಂಟಿ ಕೊಡಕ್ಕೆ?

ಇಲ್ಲಿ ಹಾಗಲ್ಲ. ಏಜೆಂಟ್ ಮೇಡಂ ಓದಿರೋದು ಫಾರ್ಮಸಿ, ಆಮೇಲೆ ಏಜೆಂಟ್ ಪರೀಕ್ಷೆ ಪಾಸ್ ಮಾಡಿರೋದು. ಮಾತು ಶುರು ಮಾಡೋಕ್ ಮುಂಚೆ ಗುಟ್ಟು ಹೊರಗೆ ಬಿಡಲ್ಲ ಅಂತ ಒಂದು ಪತ್ರಕ್ಕೆ ಅವರೇ ಸೈನ್ ಹಾಕಿ ಕೊಟ್ರು, ಪ್ರಮಾಣ ಎಷ್ಟೆಷ್ಟು ಅಂತ ಈಗ್ಲೇ ಹೇಳ್ಬೇಡಿ ಅಂದ್ರು. ಆಮೇಲೆ ಕೇಳಿದ ಮೊದಲ್ನೇ ಪ್ರಶ್ನೆ, ಇದನ್ನ ಯಾರಿಂದ ಕಲಿತ್ರಿ ಅಂತ. ಮಾವ ಖುಷಿಯಾಗಿ "ನಮ್ಮ ತಾತನ ಕಾಲ್ದಿಂದ್ಲೂ ಮಾಡ್ತಾವ್ರೆ ಕಣವ್ವ" ಅಂದ್ರು. ಕಥೆ ಅಲ್ಲೇ ಮುಗೀತು. ಪೇಟೆಂಟ್ ಸಿಗೋದು ಹೊಸದಕ್ಕೆ. ನಮ್ಮ ಪೇಟೆಂಟ್ ಕಾಯ್ದೆ ಸೆಕ್ಷನ್ 3(ಪಿ)ಲೇ ಇದೆಯಂತೆ, ಪರಂಪರೆಯಿಂದ ಬಂದಿರೋ ಜ್ಞಾನ ಆವಿಷ್ಕಾರ ಅಲ್ಲ ಅಂತ. ಲಕ್ಕಿ ಸೊಪ್ಪಿನ ಎಣ್ಣೆ ಆಯುರ್ವೇದದಲ್ಲಿ ನಿರ್ಗುಂಡಿ ತೈಲ ಅಂತ ಹಿಂದಿಂದ್ಲೂ ಇದೆ, ಅದನ್ನೂ ತೋರಿಸಿದ್ರು. ಎರಡು ಮೂರು ಸೊಪ್ಪು ಸೇರಿಸಿ ಒಂದೊಂದರ ಗುಣ ಒಟ್ಟಿಗೆ ಬಂತು ಅಂದ್ರೂ ಸಾಲಲ್ಲ, 3(ಇ) ಪ್ರಕಾರ ಅದು ಬರೀ ಮಿಶ್ರಣ, ಸೇರಿಸಿದ್ದಕ್ಕೇ ಬೇರೆ ಹೆಚ್ಚಿನ ಪರಿಣಾಮ ಬಂತು ಅಂತ ಪ್ರಯೋಗ ಮಾಡಿ ಡೇಟಾ ತೋರಿಸ್ಬೇಕು.

ಮಾವ ಬಿಡ್ಲಿಲ್ಲ. "ನಾವು ಯಾವ ಪುಸ್ತಕ ನೋಡ್ಕೊಂಡು ಮಾಡಿಲ್ಲ, ಬಾಯಿಂದ ಬಾಯಿಗೆ ಬಂದಿದ್ದು." ಮೇಡಂ ನಿಧಾನಕ್ಕೆ ಹೇಳಿದ್ರು, ಸೆಕ್ಷನ್ 25ರಲ್ಲಿ ಒಂದು ಸಮುದಾಯದಲ್ಲಿ ಬಾಯಿಮಾತಲ್ಲಿರೋ ಜ್ಞಾನದ ಆಧಾರದ ಮೇಲೂ ಪೇಟೆಂಟಿಗೆ ಆಕ್ಷೇಪಣೆ ಹಾಕ್ಬೋದು ಯಜಮಾನ್ರೇ, ಅದು ನಿಮಗೆ ಅಡ್ಡ ಬರುತ್ತೆ ನಿಜ, ಆದ್ರೆ ಕಂಪ್ನಿಗೂ ಅಷ್ಟೇ ಅಡ್ಡ ಬರುತ್ತೆ ಅಂತ. ಇದು ಕೇಳಿ ಮಾವನ ಮುಖ ಸ್ವಲ್ಪ ಸಡಿಲ ಆಯ್ತು.

ಅರಿಶಿನದ ಕೇಸು ಹೇಳಿದ್ರು ನೋಡಿ, ನಂಗೆ ಅರ್ಧಂಬರ್ಧ ಗೊತ್ತಿತ್ತು. ಗಾಯಕ್ಕೆ ಅರಿಶಿನ ಹಚ್ಚೋದಕ್ಕೆ 1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ಯೂನಿವರ್ಸಿಟಿ ಮೆಡಿಕಲ್ ಸೆಂಟರಿಗೆ ಪೇಟೆಂಟ್ ಸಿಕ್ಬಿಟ್ಟಿತ್ತು! ನಂಜನಗೂಡು ಚಾಮರಾಜನಗರ ಕಡೆ ಎಕರೆಗಟ್ಲೆ ಅರಿಶಿನ ಬೆಳೆಯೋರಿಗೆ ಇದು ಹೇಳಿದ್ರೆ ನಗ್ತಾರೆ. ಸಿಎಸ್‌ಐಆರ್‌ನೋರು, ಅಂದ್ರೆ ಸರ್ಕಾರದ ವಿಜ್ಞಾನ ಸಂಶೋಧನಾ ಮಂಡಳಿ, ನಮ್ಮ ಮೈಸೂರಿನ ಆಹಾರ ಸಂಶೋಧನಾಲಯ ಸಿಎಫ್‌ಟಿಆರ್‌ಐ ಯಾರ ಕೆಳಗೆ ಬರುತ್ತೋ ಅವರೇ, ಹಳೇ ಗ್ರಂಥ, ಲೇಖನ ಎಲ್ಲಾ ದಾಖಲೆ ಹಾಕಿ 1997ರಲ್ಲಿ ರದ್ದು ಮಾಡಿಸಿದ್ರು. ಬೇವಿನೆಣ್ಣೆಯಿಂದ ಶಿಲೀಂಧ್ರ ತಡೆಯೋದರ ಮೇಲೆ ಯುರೋಪಲ್ಲಿ ಇದ್ದ ಪೇಟೆಂಟು 2000ದಲ್ಲಿ ರದ್ದಾಯ್ತು, ಮೇಲ್ಮನವಿ ಮುಗಿಯೋಷ್ಟರಲ್ಲಿ 2005. ಹಿಂಗೆ ಒಂದೊಂದಕ್ಕೂ ಹೊಡೆದಾಡಕ್ಕಾಗಲ್ಲ ಅಂತ 2001ರಲ್ಲಿ ಟಿಕೆಡಿಎಲ್, ಅಂದ್ರೆ ಪಾರಂಪರಿಕ ಜ್ಞಾನದ ಡಿಜಿಟಲ್ ಲೈಬ್ರರಿ ಶುರು ಮಾಡಿದ್ದು, ಆಯುರ್ವೇದ, ಯುನಾನಿ, ಸಿದ್ಧ ಪದ್ಧತಿ ಔಷಧಿಗಳನ್ನೆಲ್ಲಾ ಇಂಗ್ಲಿಷು, ಜರ್ಮನ್ನು, ಜಪಾನೀಸು ಎಲ್ಲಾದ್ರಲ್ಲೂ ಹಾಕಿಟ್ಟು ಹೊರದೇಶದ ಪೇಟೆಂಟ್ ಆಫೀಸಿನೋರೇ ನೋಡ್ಕೊಳೋ ಹಾಗೆ.

ಹಾಗಾದ್ರೆ ಗಿಡದಿಂದ ಬಂದ ಔಷಧಿಗೆ ಪೇಟೆಂಟೇ ಇಲ್ವಾ ಅಂತ ನಾನು ಕೇಳ್ದೆ. ಇದೆ, ಆದ್ರೆ ಗಿಡದಲ್ಲಿರೋದನ್ನ ಕಂಡುಹಿಡಿದಿದ್ದಕ್ಕೆ ಅಲ್ಲ, ಅದನ್ನ ಬದಲಾಯಿಸಿ ಹೊಸದು ಮಾಡಿದ್ರೆ ಅಂದ್ರು ಮೇಡಂ. ನಮ್ಮ ಪಶ್ಚಿಮಘಟ್ಟದಲ್ಲಿ ದುರ್ವಾಸನೆ ಮರ ಅಂತ ಇದೆ, ಅದರಲ್ಲಿ ಕ್ಯಾಂಪ್ಟೋಥೆಸಿನ್ ಅನ್ನೋ ರಾಸಾಯನಿಕ ಇರುತ್ತೆ. ಈ ಅಂಶ ಮೊದ್ಲು ಸಿಕ್ಕಿದ್ದು ಚೀನಾದ ಒಂದು ಮರದಲ್ಲಿ, 1966ರಲ್ಲಿ ವಾಲ್ ಮತ್ತೆ ವಾನಿ ಅನ್ನೋರು ಪ್ರಕಟ ಮಾಡಿದ್ರು. ಅದು ಇದ್ದಂಗೇ ಔಷಧಿಯಾಗಿ ಸರಿಹೋಗ್ಲಿಲ್ಲ, ನೀರಲ್ಲಿ ಕರಗಲ್ಲ, ವಿಷನೂ ಜಾಸ್ತಿ. ಅದರ ರಚನೆ ಬದಲಾಯಿಸಿ ಮಾಡಿದ್ದೇ ಟೋಪೋಟೆಕಾನ್, ಇರಿನೋಟೆಕಾನ್, ಎರಡೂ ಕ್ಯಾನ್ಸರ್ ಔಷಧಿ, ಅವಕ್ಕೆ ಪೇಟೆಂಟ್ ಸಿಕ್ತು. ಈ ಬದಲಾವಣೆ ಮಾಡೋ ಲ್ಯಾಬು ಮಾವನ ಹಿತ್ತಲಲ್ಲಿ ಇಲ್ವಲ್ಲ ಸ್ವಾಮಿ!

ಮಧ್ಯೆ ಇನ್ನೊಂದು ಬಾಂಬು. ಮಾವನ ಮಗ ಎಣ್ಣೆ ಕಾಯಿಸೋದನ್ನ ಆಗ್ಲೇ ಯೂಟ್ಯೂಬಿಗೆ ಹಾಕವ್ನೆ, ಅಳತೆ ಸಮೇತ. ಅದನ್ನ ಕೇಳಿ ಮೇಡಂ ಪೆನ್ನು ಕೆಳಗಿಟ್ರು. ಹೊಸದು ಏನಾದ್ರೂ ಇದ್ದಿದ್ರೂ ಜಗಜ್ಜಾಹೀರು ಆದ್ಮೇಲೆ ಹೊಸದಾಗಿ ಉಳಿಯಲ್ಲ, ಅರ್ಜಿ ಮೊದ್ಲು, ವಿಡಿಯೋ ಆಮೇಲೆ ಅಂದ್ರು. ಸಂಬಂಧಪಟ್ಟೋರು ಇದನ್ನ ಗಮನಿಸಿ.

ಖರ್ಚಿನ ಲೆಕ್ಕ ಬಿಡಿಸಿ ಹೇಳಿದ್ದು ತುಂಬಾ ಇಷ್ಟ ಆಯ್ತು. ಒಬ್ಬ ವ್ಯಕ್ತಿ ಆನ್‌ಲೈನಲ್ಲಿ ಅರ್ಜಿ ಹಾಕಿದ್ರೆ ಸರ್ಕಾರಿ ಫೀಸು 1,600, ಅರ್ಜಿ ಪರಿಶೀಲನೆಗೆ 4,000, ನಮ್ಮ ಕಡೆಯದ್ದೆಲ್ಲಾ ಚೆನ್ನೈ ಆಫೀಸಿಗೆ ಹೋಗೋದು. ಲಕ್ಷ ಕೇಳೋರಿಗೆ ಮಿಕ್ಕಿದ್ದೆಲ್ಲಾ ಅವರ ಫೀಸು ಅಷ್ಟೆ, ಅರ್ಜಿ ಬರೆಯೋ ಡ್ರಾಫ್ಟಿಂಗ್ ಕೆಲಸ ಕಷ್ಟದ್ದೇ, ಅದನ್ನ ಬೇಡ ಅನ್ನಲ್ಲ, ಆದ್ರೆ ಏನಕ್ಕೆ ಎಷ್ಟು ಅಂತ ಹೇಳ್ಬೇಕಲ್ವಾ. ಇಲ್ಲಿನ ಗಿಡಮೂಲಿಕೆ ಬಳಸಿದ್ರೆ ಜೀವವೈವಿಧ್ಯ ಪ್ರಾಧಿಕಾರದ ಕೆಲಸನೂ ಇರುತ್ತೆ ಅಂತ ಹೇಳಿದ್ರು, ಫೋನಿನೋರು ಅದರ ಸುದ್ದೀನೇ ಎತ್ತಿರ್ಲಿಲ್ಲ.

ಕೊನೆಗೆ ಕೊಟ್ಟ ಸಲಹೆ, ಮಾರೋದಾದ್ರೆ ಮೊದ್ಲು ಆಯುಷ್ ಇಲಾಖೆ ಲೈಸೆನ್ಸ್ ಮಾಡಿಸಿ, ಹೆಸರಿಗೆ ಟ್ರೇಡ್‌ಮಾರ್ಕ್ ಹಾಕಿ, ವ್ಯಕ್ತಿಗೆ ಆನ್‌ಲೈನಲ್ಲಿ 4,500 ಫೀಸು. ಎಣ್ಣೆ ಯಾರ್ ಬೇಕಾದ್ರೂ ಕಾಯಿಸ್ಲಿ, ನಿಮ್ಮ ಹೆಸರಲ್ಲಿ ಮಾರಕ್ಕಾಗಲ್ಲ ಅಂತ. ನಮ್ಮತ್ರ ತಗೊಂಡಿದ್ದು ಬರೀ ಕನ್ಸಲ್ಟೇಶನ್ ಫೀಸು.

ಒಂದ್ ಸ್ಟಾರ್ ಯಾಕೆ ಕಟ್ ಅಂದ್ರೆ ಆಫೀಸು ಮಹಡಿ ಮೇಲಿದೆ, ಲಿಫ್ಟಿಲ್ಲ, ಮಂಡಿನೋವಿನ ಎಣ್ಣೆ ಮಾಡೋರೇ ಮಂಡಿ ಹಿಡ್ಕೊಂಡ್ ಹತ್ತಿದ್ರು. ಅಪಾಯಿಂಟ್‌ಮೆಂಟ್ ಇದ್ರೂ ಸುಮಾರು ಹೊತ್ತು ಕಾಯ್ಸಿದ್ರು, ಕೂರಕ್ಕೆ ಎರಡೇ ಕುರ್ಚಿ. ಕೊಡೋ ರಿಪೋರ್ಟು ಪೂರ್ತಿ ಇಂಗ್ಲಿಷಲ್ಲಿದೆ, ಕನ್ನಡದಲ್ಲಿ ಒಂದು ಪುಟ ಆದ್ರೂ ಬರ್ಕೊಟ್ರೆ ಹಳ್ಳಿಯೋರಿಗೆ ಅನುಕೂಲ. ಗಾಡಿನ ಮುಂದಿನ ರೋಡಲ್ಲಿ ನಿಲ್ಸ್ಬೇಡಿ, ಪಕ್ಕದ ಕ್ರಾಸಲ್ಲಿ ಜಾಗ ಸಿಗುತ್ತೆ.