ಫೋರ್‌ರನ್ನರ್ 235: ಓಟದ ಲೆಕ್ಕ ಕಂಪ್ಯೂಟರಿಗೆ ಇಳಿಯುವ ಬಗೆ

ಚಿತ್ರದುರ್ಗದಲ್ಲಿ ಚಂದ್ರವಳ್ಳಿಯ ಕಡೆಗೆ ಬೆಳಗಿನ ಹೊತ್ತು ಓಡುವವರ ಕೈಯಲ್ಲಿ ಜಿಪಿಎಸ್ ವಾಚು ಕಾಣುವುದು ಈಗ ಹೊಸದಲ್ಲ. ಆದರೆ ಅದರಲ್ಲಿ ದಾಖಲಾಗುವ ದೂರ, ವೇಗ, ಹೃದಯಬಡಿತಗಳ ಲೆಕ್ಕವನ್ನು ಮೊಬೈಲ್ ಆ್ಯಪಿನ ಹಂಗಿಲ್ಲದೆ ತಮ್ಮ ಕಂಪ್ಯೂಟರಿನಲ್ಲಿ ಇಳಿಸಿಟ್ಟುಕೊಳ್ಳುವವರು ವಿರಳ. ಗಾರ್ಮಿನ್ ಸಂಸ್ಥೆಯ ಫೋರ್‌ರನ್ನರ್ 235, 2015ರ ಮಾದರಿಯಾದರೂ, ಈ ಒಂದು ಕೆಲಸದಲ್ಲಿ ಇಂದಿಗೂ ನನಗೆ ಮೆಚ್ಚುಗೆಯಾಗಿದೆ.

ವಾಚಿನ ಹಿಂಬದಿಯ ಲೋಹದ ಬಿಂದುಗಳ ಮೇಲೆ ಸರಿಯಾಗಿ ಕೂರುವಂತೆ ಚಾರ್ಜಿಂಗ್ ಕೇಬಲ್ಲಿನ ಕ್ಲಿಪ್ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಕಂಪ್ಯೂಟರಿಗೆ ಹಾಕಿದರೆ ವಾಚು ಪೆನ್‌ಡ್ರೈವಿನಂತೆ ತೆರೆದುಕೊಳ್ಳುತ್ತದೆ. ಅದರಲ್ಲಿರುವ ಗಾರ್ಮಿನ್ ಫೋಲ್ಡರಿನ ಒಳಗೆ ಆ್ಯಕ್ಟಿವಿಟಿ ಎಂಬ ಇನ್ನೊಂದು ಫೋಲ್ಡರಿದ್ದು, ಪ್ರತಿ ಓಟವೂ ಅಲ್ಲಿ ಫಿಟ್ (.fit) ಎಂಬ ಬಗೆಯ ಒಂದೊಂದು ಫೈಲಾಗಿ ಕೂತಿರುತ್ತದೆ. ಅದನ್ನು ನಕಲು ಮಾಡಿಕೊಳ್ಳುವುದಕ್ಕೆ ಇಂಟರ್ನೆಟ್ ಬೇಡ, ಖಾತೆ ಬೇಡ, ಪಾಸ್‌ವರ್ಡೂ ಬೇಡ. 2020ರ ಜುಲೈ 23ರಂದು ಸೈಬರ್ ದಾಳಿಗೆ ಸಿಲುಕಿ, ವಾಚಿನ ದಾಖಲೆಗಳನ್ನು ಅಂತರ್ಜಾಲದಲ್ಲಿ ಇಡುವ ಗಾರ್ಮಿನ್ ಕನೆಕ್ಟ್ ಸೇವೆ ಕೆಲವು ದಿನ ನಿಂತುಹೋದಾಗ, ಓಟಗಾರರು ಇದೇ ದಾರಿಯಿಂದ ಫೈಲುಗಳನ್ನು ಹೊರತೆಗೆದು ಓಟದ ದಾಖಲೆ ಹಂಚಿಕೊಳ್ಳುವ ಸ್ಟ್ರಾವಾ ತಾಣಕ್ಕೆ ತಾವೇ ಏರಿಸಿದ್ದರು.

ಫಿಟ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಏನೂ ಅರ್ಥವಾಗುವುದಿಲ್ಲ. ಉಚಿತವಾಗಿ ಸಿಗುವ ಗೋಲ್ಡನ್ ಚೀತಾ ತಂತ್ರಾಂಶ ಅದನ್ನು ನೇರವಾಗಿ ಓದುತ್ತದೆ. ಪಠ್ಯರೂಪದಲ್ಲೇ ಬೇಕೆನ್ನುವವರು ಗಾರ್ಮಿನ್ ಕನೆಕ್ಟ್‌ನಿಂದ ಜಿಪಿಎಕ್ಸ್ ಅಥವಾ ಟಿಸಿಎಕ್ಸ್ ರೂಪದಲ್ಲಿ ಇಳಿಸಿಕೊಳ್ಳಬಹುದು. ಜೋಗಿಮಟ್ಟಿಯಂಥ ಏರು ಹತ್ತುವವರು ಇಲ್ಲಿ ಒಂದು ಸಂಗತಿ ಗಮನಿಸಬೇಕು. ಈ ಮಾದರಿಯಲ್ಲಿ ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ವಾಯುಭಾರ ಮಾಪಕವಿಲ್ಲದ ಕಾರಣ ಮೂಲ ಫೈಲಿನಲ್ಲಿರುವ ಎತ್ತರ ಜಿಪಿಎಸ್ ಲೆಕ್ಕದ್ದು, ಕನೆಕ್ಟ್‌ನಲ್ಲಿ ಕಾಣುವುದು ಭೂಪಟದ ಆಧಾರದಲ್ಲಿ ತಿದ್ದಿದ್ದಿರಬಹುದು. ಎರಡೂ ತಾಳೆಯಾಗದಿದ್ದರೆ ವಾಚು ಕೆಟ್ಟಿದೆ ಎಂದು ಭಾವಿಸಬೇಕಿಲ್ಲ.

ಸಂಗೀತ ತುಂಬಿಸಬಹುದಾದ ನಂತರದ ಮಾದರಿಗಳು ಕಂಪ್ಯೂಟರಿಗೆ ಫೈಲು ಕೊಡಲು ಎಂಟಿಪಿ ಎಂಬ ಬೇರೆ ವಿಧಾನವನ್ನು ಬಳಸುತ್ತವೆ. ವಿಂಡೋಸ್ ಅದನ್ನು ತಾನಾಗಿಯೇ ಗುರುತಿಸುತ್ತದೆ, ಮ್ಯಾಕ್‌ಗೆ ಪ್ರತ್ಯೇಕ ತಂತ್ರಾಂಶ ಬೇಕು.

ನನ್ನ ಅಸಮಾಧಾನವೆಲ್ಲ ಕೇಬಲ್ಲಿನ ವ್ಯಾಪಾರದ ಮೇಲೆ. ವಾಚಿನೊಂದಿಗೆ ಬಂದ ಕೇಬಲ್ ತುಂಡಾದ ಮೇಲೆ ಊರಿನ ಒಂದು ಅಂಗಡಿಯಲ್ಲಿ ಕೊಂಡ ಅಗ್ಗದ ಕೇಬಲ್ ಚಾರ್ಜ್ ಮಾಡುತ್ತಿತ್ತೇ ಹೊರತು ಕಂಪ್ಯೂಟರಿಗೆ ವಾಚಿನ ಸುಳಿವನ್ನೂ ಕೊಡುತ್ತಿರಲಿಲ್ಲ. ಯುಎಸ್‌ಬಿ ಕೇಬಲ್ಲಿನಲ್ಲಿ ವಿದ್ಯುತ್ತಿಗೆ ಎರಡು ತಂತಿಗಳಿರುವಂತೆ ದತ್ತಾಂಶಕ್ಕೂ ಎರಡಿರಬೇಕು. ಬೆಲೆ ಇಳಿಸಲು ಕೆಲವು ತಯಾರಕರು ಈ ಎರಡನೆಯ ಜೋಡಿಯನ್ನೇ ಕೈಬಿಡುತ್ತಾರೆ. ಇದನ್ನು ವಿವರಿಸಿದಾಗ ಅಂಗಡಿಯವರು, “ಚಾರ್ಜ್ ಆಗ್ತದಲ್ಲ ಸರ್, ಇನ್ನೇನು ಬೇಕು?” ಎಂದರು. ಬದಲಿಸಿ ಕೊಡಲಿಲ್ಲ. ಆದ್ದರಿಂದ ಕೇಬಲ್ ಕೊಳ್ಳುವವರು ವಾಚನ್ನೂ ಲ್ಯಾಪ್‌ಟಾಪನ್ನೂ ಜೊತೆಗೆ ಒಯ್ದು, ಬಿಂದುಗಳ ಮೇಲೆ ಕಟ್ಟಿದ ಬೆವರಿನ ಉಪ್ಪನ್ನು ಒರೆಸಿ, ಸಿಕ್ಕಿಸಿ ನೋಡಿ, ಫೋಲ್ಡರ್ ತೆರೆದುಕೊಂಡ ಮೇಲೆಯೇ ಹಣ ಕೊಡುವುದು ಒಳ್ಳೆಯದು.