ಕೆನಡಾ ವೀಸಾಗೆ ಫ್ರೀ ಏಜೆಂಟಾ, ಲೈಸೆನ್ಸ್ ಇರೋ ಕನ್ಸಲ್ಟೆಂಟಾ?

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಲೈಸೆನ್ಸ್ ಇರೋರಿಗೇ. ಮಗಳ ಸ್ಟಡಿ ಪರ್ಮಿಟ್‌ಗೆ ಎರಡೂ ಕಡೆ ಓಡಾಡಿದೀವಿ, ಒಂದ್ಸಲ ರಿಜೆಕ್ಟ್ ಆಯ್ತು, ಒಂದ್ಸಲ ಸಿಕ್ತು.

ಮೊದಲು ಹೋಗಿದ್ದು ಮೈಸೂರಿನ ಒಂದು ಫ್ರೀ ಏಜೆನ್ಸಿಗೆ. ನಮ್ಮಿಂದ ಒಂದ್ರುಪಾಯಿ ತಗೊಳಲ್ಲ, ಕಾಲೇಜಿಂದ ಕಮಿಷನ್ ಬರುತ್ತೆ. ಕೊಡಗಲ್ಲಿರೋ ನಮ್ಮ ಸುಂಟಿಕೊಪ್ಪದಲ್ಲಿ ಬೆಳಿಗ್ಗೆ ಬಸ್ ಹತ್ತಿದ್ರೆ ಸಂಜೆಗೆ ವಾಪಸ್, ಅಡ್ಮಿಷನ್ ಲೆಟರ್ ಬೇಗ ತರಿಸಿಕೊಟ್ರು. ಅವರ ಲಿಸ್ಟಲ್ಲಿಲ್ಲದ ಕಾಲೇಜಿನ ಹೆಸರೆತ್ತಿದ್ರೆ ಮಾತ್ರ ಮಾತು ತಿರುಗಿಸೋರು.

ಗೋಳು ಶುರುವಾಗಿದ್ದು ದುಡ್ಡಿನ ಪೇಪರಲ್ಲಿ. ನಮ್ದು ರೋಬಸ್ಟಾ ತೋಟ, ಜೊತೆಗೆ ಒಂದಿಷ್ಟು ಕರಿಮೆಣಸು. ಕಾಫಿ ಕೊಯ್ದು ಒಣಗ್ಸಿ ಮೂಟೆ ಕೊಟ್ಟಾಗ ವರ್ಷದ ದುಡ್ಡು ಒಂದೇ ಸಲ ಅಕೌಂಟಿಗೆ ಬೀಳುತ್ತೆ, ಸಂಬಳದೋರ ಥರ ತಿಂಗ್ಳ ತಿಂಗ್ಳ ಬರಲ್ಲ, ಕೃಷಿ ಆದಾಯಕ್ಕೆ ಟ್ಯಾಕ್ಸ್ ಇಲ್ಲ ಅಂತ ಐಟಿ ರಿಟರ್ನ್ಸಲ್ಲೂ ದೊಡ್ಡ ಅಂಕಿ ಇಲ್ಲ. ಇದನ್ನ ಬಿಡಿಸಿ ಹೇಳಿ ಒಂದು ಪತ್ರ ಹಾಕ್ಬೇಕಲ್ವಾ ಅಂದ್ರೆ "ಬ್ಯಾಲೆನ್ಸ್ ಇದೆಯಲ್ಲ ಸಾರ್, ಸಾಕು" ಅಂದ್ರು. ಅರ್ಜಿ ಹಾಕಿದ್ದು ಅವರದೇ ಇಮೇಲಿಂದ, ಮಗಳೇ ಹಾಕಿದ ಹಾಗೆ, ಆದ್ರೆ ಪಾಸ್‌ವರ್ಡ್ ಅವಳಿಗೇ ಕೊಡ್ಲಿಲ್ಲ, ಒಳಗೆ ಏನು ತುಂಬಿದಾರೆ ಅಂತ ನಾವು ನೋಡ್ಲೇ ಇಲ್ಲ. ಜುಲೈ 2025ರಲ್ಲಿ ರಿಜೆಕ್ಟ್ ಆದ ಲೆಟರ್ ಕೂಡ ವಾಟ್ಸಾಪಲ್ಲಿ ಫೋಟೋ ಬಂತು, ಅವತ್ತು ರಾತ್ರಿ ಮಗಳು ಊಟ ಮಾಡ್ಲಿಲ್ಲ.

150 ಕೆನಡಾ ಡಾಲರ್ ಅರ್ಜಿ ಫೀಸ್ ಹೋಯ್ತು. ಬಯೋಮೆಟ್ರಿಕ್ಸ್, ಅಂದ್ರೆ ಬೆರಳಚ್ಚು ಫೋಟೋ ಕೊಟ್ಟಿದ್ದು, 10 ವರ್ಷ ನಡೆಯುತ್ತೆ, ಅದೊಂದು ಉಳೀತು. ಆದ್ರೆ ಸೆಪ್ಟೆಂಬರ್ 1ರಿಂದ ಅಲ್ಲಿನ ಜೀವನದ ಖರ್ಚಿಗೆ ಇದೆ ಅಂತ ತೋರಿಸ್ಬೇಕಾದ ಹಣ 20,635ರಿಂದ 22,895 ಡಾಲರಿಗೆ ಏರಿತ್ತು. ಮೊದಲ್ನೇ ಸಲವೇ ಸಿಕ್ಕಿದ್ರೆ ಆ ಹೆಚ್ಚಿನ 2,260 ಡಾಲರಿಗೆ ಮಳೆಗಾಲದಲ್ಲಿ ನಾನು ಪರದಾಡೋ ಹಾಗಿರ್ಲಿಲ್ಲ.

ಎರಡನೇದು ಕೆನಡಾದಲ್ಲೇ ಇರೋ ಒಬ್ಬ ಲೈಸೆನ್ಸ್ಡ್ ಕನ್ಸಲ್ಟೆಂಟ್. ಸಿಐಸಿಸಿ ಅನ್ನೋ ಅಲ್ಲಿನ ನಿಯಂತ್ರಣ ಸಂಸ್ಥೆಯ ವೆಬ್‌ಸೈಟಲ್ಲಿ ಇವರ ಪಟ್ಟಿ ಯಾರು ಬೇಕಾದ್ರೂ ನೋಡ್ಬಹುದು, ಸಸ್ಪೆಂಡ್ ಆದೋರದ್ದೂ ತೋರ್ಸುತ್ತೆ, ಲೈಸೆನ್ಸ್ ನಂಬರ್ ಹೊಡೆದು ನೋಡಿಯೇ ದುಡ್ಡು ಕಳ್ಸಿದ್ದು. ಫೀಸ್ ಎಪ್ಪತ್ತು ಸಾವಿರ. ಮಾತೆಲ್ಲ ರಾತ್ರಿ ವಿಡಿಯೋ ಕಾಲಲ್ಲಿ, ಕರೆಂಟ್ ಹೋದ್ರೆ ಮತ್ತೆ ಮಾರನೇ ದಿನ.

ಆದ್ರೆ ಆಕೆ ಕೇಳಿದ ಮೊದಲ್ನೇ ಪ್ರಶ್ನೆನೇ "ಈ ದೊಡ್ಡ ಮೊತ್ತ ಮಾರ್ಚಲ್ಲಿ ಎಲ್ಲಿಂದ ಬಂತು?" ಮೂರು ವರ್ಷದ ಕಾಫಿ ಬಿಲ್ಲು, ಆರ್‌ಟಿಸಿ ಎಲ್ಲ ತರ್ಸಿದ್ರು. ನಮ್ದು ಜಮ್ಮಾ ಜಾಗ, ಅಂದ್ರೆ ಕೊಡಗಲ್ಲಿ ತಲೆಮಾರಿಂದ ಕುಟುಂಬಕ್ಕೆಲ್ಲ ಸೇರಿ ಬಂದಿರೋದು, ಆರ್‌ಟಿಸಿಲಿ ಪಟ್ಟೆದಾರರಾಗಿದ್ದ, ಅಂದ್ರೆ ಕುಟುಂಬದ ಹಿರಿಯರಾಗಿದ್ದ ದೊಡ್ಡಜ್ಜನ ಹೆಸರೇ ಮುಂದಿದೆ. ಅದು ಯಾಕೆ ಹಾಗೆ, ಅದ್ರಲ್ಲಿ ನನ್ನ ಪಾಲೆಷ್ಟು ಅಂತ ಎರಡು ರಾತ್ರಿ ಕೂತು ಕೇಳಿ ಬರ್ಕೊಂಡ್ರು. ಪೂರ್ತಿ ಅರ್ಜಿ ನಮಗೆ ಓದೋಕೆ ಕಳ್ಸಿ, ಮಗಳು ಒಂದು ಸ್ಪೆಲಿಂಗ್ ತಪ್ಪು ಹಿಡಿದ್ಮೇಲೆ, ಅದನ್ನ ತಿದ್ದಿಯೇ ಸಬ್ಮಿಟ್ ಮಾಡಿದ್ದು. ಡಿಸೆಂಬರಲ್ಲಿ ಅಪ್ರೂವಲ್ ಬಂತು.

ಸ್ವಂತವಾಗೂ ಹಾಕ್ಬಹುದು, ಸಂಬಳದ ಮನೆ ಆಗಿದ್ರೆ ನಾನೂ ಅದನ್ನೇ ಮಾಡ್ತಿದ್ದೆ. ತೋಟದ ದುಡ್ಡು ನಂಬ್ಕೊಂಡಿರೋ ನಮ್ಮಂಥೋರಿಗೆ ಆ ಎಪ್ಪತ್ತು ಸಾವಿರ ಕೊಡೋದೇ ಸರಿ, ನಾನು ಅದಕ್ಕೆ ಸ್ಪ್ರಿಂಕ್ಲರ್ ಪೈಪ್ ಬದಲಾಯ್ಸೋದನ್ನ ಒಂದ್ವರ್ಷ ಮುಂದೆ ಹಾಕ್ದೆ. ಯಾರ ಹತ್ರ ಹೋದ್ರೂ ಪ್ರತಿನಿಧಿ ಅಂತ ಐಎಂಎಂ 5476 ಫಾರಂಗೆ ಅವರೂ ಸೈನ್ ಹಾಕ್ತಾರಾ ಅಂತ ಮೊದಲ್ನೇ ದಿನಾನೇ ಕೇಳಿ. ನಾವು ಮೈಸೂರಲ್ಲಿ ಕೇಳಿರ್ಲಿಲ್ಲ.